ಕಡೇ ಬಸ್ಸಿನ ಕೊಂಬು

ಕೊಪ್ಪ
18 ಜೂನ್ 2006

ಅಬ್ಬಾ,

ಹರಿದು ಹಾಕುವ ಮೊದಲು ಪೂರ್ತಿ ಓದಿ. ಕ್ಷಮೆ ಕೇಳೋಕೆ ಬರೆದ ಕಾಗದ ಅಲ್ಲ ಇದು. ಕೆಲಸ ಇದೆ, ಅದಕ್ಕೆ ಬರೀತಿದ್ದೀನಿ. ಫೋನ್ ಮಾಡಿದ್ರೆ ನನ್ನ ದನಿ ಕೇಳಿದ ಕೂಡ್ಲೇ ಇಟ್ಟುಬಿಡ್ತೀರಿ.

ನಾನು ಗಣಪತಿಯವರ ಫ್ಲೆಕ್ಸ್ ಅಂಗಡೀಲೇ ಇದ್ದೀನಿ. ಜಯಪುರದ ಬಟ್ಟೆ ಅಂಗಡೀಲಿ ನೀವು ಕೈಯಾರೆ ಬರೆದ ಬೋರ್ಡಿನ ಮೇಲೇ ಮೊಳೆ ಹೊಡೆದು ಕೂರಿಸಿದ ಫ್ಲೆಕ್ಸು ನಾನು ಡಿಸೈನ್ ಮಾಡಿದ್ದು ಅಂತ ನಿಮಗೆ ಗೊತ್ತು. ಮಾಡಿದೆ. ನಾನು ಮಾಡದಿದ್ರೆ ಶಿವಮೊಗ್ಗದೋನು ಯಾವನೋ ಮಾಡ್ತಿದ್ದ. ಆ ಮಾತು ಅಲ್ಲಿಗೆ ಬಿಡಿ.

ನಮ್ಮ ಅಂಗಡಿ ಮೇಲಿನ ಮಹಡೀಲಿ ತ್ರ್ಯಂಬಕಣ್ಣ ಅಂತ ಒಬ್ಬರು ಕಂಪ್ಯೂಟರ್ ಕ್ಲಾಸ್ ನಡೆಸ್ತಾರೆ. ಕ್ಲಾಸಿಗೆ ಬರೋರು ಕಡಿಮೆ. ಹಾಗಾಗಿ ಕೂತು ಕೂತು ಒಂದು ವಿಡಿಯೋ ಗೇಮ್ ಮಾಡಿದಾರೆ. ಎನ್.ಆರ್.ಪುರದಿಂದ ಹೊರಟು ಕೊಪ್ಪ, ಹರಿಹರಪುರ ಮೇಲೆ ಶೃಂಗೇರಿಗೆ ಹೋಗೋ ಕಡೇ ಬಸ್ಸು. ಆಡೋನೇ ಡ್ರೈವರ್. ದಾರೀಲಿ ದನ ಅಡ್ಡ ಬರ್ತಾವೆ, ತಿರುವಿನಲ್ಲಿ ಎಸ್ಟೇಟ್ ಜೀಪು ನುಗ್ಗುತ್ತೆ, ಕೈ ತೋರಿಸಿದವರನ್ನೆಲ್ಲ ಹತ್ತಿಸ್ಕೊಂಡು ಶೃಂಗೇರಿ ಮುಟ್ಟಬೇಕು. ಒಬ್ಬರನ್ನು ಬಿಟ್ಟರೂ ಸೋತ ಹಾಗೆ, ಯಾಕಂದ್ರೆ ಅವರಿಗೆ ಬೇರೆ ಬಸ್ಸಿಲ್ಲ. ಆಟದ ಹೆಸರು ‘ಕಡೇ ಬಸ್ಸು’.

ಆಟ ಶುರುವಾಗೋ ಮೊದಲು ಒಂದು ಚಿತ್ರ ಬರುತ್ತೆ. ಟೈಟಲ್ ಸ್ಕ್ರೀನ್ ಅಂತಾರೆ. ಅಂಗಡಿಗೆ ಬೋರ್ಡು ಇದ್ದ ಹಾಗೆ. ಅದನ್ನು ನೋಡಿ ಒಳಗೆ ಬರಬೇಕೋ ಬೇಡವೋ ಅಂತ ಜನ ತೀರ್ಮಾನ ಮಾಡೋದು. ಅದು ನನ್ನ ಕೆಲಸ. ದಸರಾ ಮುಗಿದ ಮೇಲೆ ತ್ರ್ಯಂಬಕಣ್ಣ ಸಿ.ಡಿ. ಮಾಡಿ ಮೈಸೂರಿನ ಒಂದು ಕಂಪನಿಗೆ ಕಳಿಸ್ತಾರೆ. ನನ್ನದು ಚೆನ್ನಾಗಿ ಬಂದ್ರೆ ಇನ್ನು ಮುಂದೆ ಅವರ ಆಟಗಳ ಚಿತ್ರ ಎಲ್ಲ ನನಗೆ. ಬರದಿದ್ರೆ ಅವರ ಸೋದರಳಿಯ ರೆಡಿ ಅಕ್ಷರ ಹಾಕಿ ಮಾಡಿಟ್ಟಿದ್ದು ಹೋಗುತ್ತೆ. ಆಮೇಲೆ ನಾನು ಜೀವಮಾನ ಪೂರ್ತಿ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಅವರ ಮುಖ ಬಿಳಿ ಮಾಡ್ತಾ ಕೂರಬೇಕು.

ಕಂಪ್ಯೂಟರಿನ ಕನ್ನಡ ಅಕ್ಷರ ಎಲ್ಲ ಮದುವೆ ಕಾಗದದ ಥರ. ಬಸ್ಸಿನ ಹಣೆ ಮೇಲೆ ಇರೋ ಅಕ್ಷರ ಬೇಕು. ಮೌಸ್ ಹಿಡಿದು ನಾನೇ ಬರೆದೆ. ಕುಡಿದೋನು ಬರೆದ ಹಾಗಾಯ್ತು.

ತಗಡಿನ ಮೇಲೆ ‘ಕಡೇ ಬಸ್ಸು’ ಅಂತ ಬರೆದು ಡ್ರೈವರ್ ಮಹೇಶ್ವರಣ್ಣನ ಬಸ್ಸಿಗೆ ಹಾಕಿ ಇಲ್ಲಿಗೆ ಕಳಿಸಿ. ಫೋಟೋ ತೆಗೆದು ಕಂಪ್ಯೂಟರಿಗೆ ಏರಿಸ್ತೀನಿ. ಆಗಲ್ಲ ಅಂದ್ರೆ ಆಗಲ್ಲ ಅಂತ ಬರೀರಿ. ಸುಮ್ಮನೆ ಕೂರಬೇಡಿ.

ರಿಹಾನ್


ಎನ್.ಆರ್.ಪುರ
27 ಜೂನ್ 2006

ಭಾಯಿ,

ಅಮ್ಮಿ ಹೇಗಿದಾರೆ ಅಂತ ಒಂದು ಮಾತು ಬರೆದಿಲ್ಲ. ಮಂಡಿ ನೋವು ಹಾಗೇ ಇದೆ. ನಾನು ಪಿ.ಯು.ಸಿ. ಪಾಸಾದೆ, ಅದನ್ನೂ ಕೇಳಿಲ್ಲ. ನೀನು ಕೇಳಲ್ಲ ಅಂತ ಗೊತ್ತು, ಅದಕ್ಕೇ ನಾನೇ ಹೇಳ್ತಿದ್ದೀನಿ.

ಅಬ್ಬಾ ನಿನ್ನ ಕಾಗದ ಓದಿದರು. ಎರಡು ಸಲ. ಮಡಿಸಿ ಬಣ್ಣದ ಡಬ್ಬಿ ಕೆಳಗಿಟ್ಟರು. ಅಮ್ಮಿ, ‘ಎಂತ ಬರ್ದಾನೆ?’ ಅಂದ್ರು. ‘ಬೋರ್ಡ್ ಬೇಕಂತೆ’ ಅಂದರು. ‘ಯಾರಿಗೆ?’ ‘ಟಿ.ವಿ. ಒಳಗೆ ಓಡೋ ಬಸ್ಸಿಗೆ.’ ಅಮ್ಮಿ, ‘ಅದ್ಕೂ ಆರ್.ಟಿ.ಓ. ಪಾಸಿಂಗ್ ಉಂಟನ?’ ಅಂದ್ರು. ಅಬ್ಬಾ ನಗಲಿಲ್ಲ. ನಾನು ಅಡುಗೆ ಮನೆಗೆ ಹೋಗಿ ನಕ್ಕೆ.

ಈಗ ಅವರಿಗೆ ಕೆಲಸ ಇಲ್ಲ ಅಂತ ನಿನಗೆ ಗೊತ್ತಾ? ನಂಬರ್ ಪ್ಲೇಟಿಗೂ ಸ್ಟಿಕ್ಕರ್ ಬಂತು. ಬಸರೀಕಟ್ಟೆ ಕಡೆ ಎಸ್ಟೇಟಿನ ಚೀಲಕ್ಕೆ ಮಾರ್ಕ್ ಹಾಕೋದು ಒಂದು ಉಳಿದಿದೆ, ಅದೂ ಅಚ್ಚು ಇಟ್ಟು ಬಳಿಯೋದು. ಅದಕ್ಕೆ ಅಬ್ಬಾನೇ ಯಾಕೆ ಬೇಕು, ನಾನೂ ಬಳೀತೀನಿ.

ನಿನ್ನನ್ನು ಕೇಳೋಕೆ ಹೇಳಿದಾರೆ. ಬೋರ್ಡಿನ ಅಳತೆ ಎಷ್ಟು? ನೋಡೋರು ಎಷ್ಟು ದೂರದಲ್ಲಿ ನಿಂತಿರ್ತಾರೆ? ಬಸ್ಸು ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತಾ, ಬೆನ್ನು ಮಾಡಿ ನಿಲ್ಲುತ್ತಾ?

ಇನ್ನೊಂದು ವಿಷಯ. ಮನೆ ಬಿಟ್ಟು ಹೋಗುವಾಗ ನೀನು ಚರಂಡಿಗೆ ಎಸೆದ ಎರಡನೇ ನಂಬರ್ ಬ್ರಷ್ಷನ್ನು ಅಬ್ಬಾ ಅವತ್ತೇ ಎತ್ತಿಕೊಂಡು ಬಂದಿದ್ರು. ಈಗಲೂ ಸೀಮೆಎಣ್ಣೆಯಲ್ಲಿ ತೊಳೆದು, ಕೂದಲು ನೆಟ್ಟಗೆ ಮಾಡಿ ಇಡ್ತಾರೆ. ಬಳಸಲ್ಲ. ಯಾಕೆ ಅಂತ ನಾನು ಕೇಳಿಲ್ಲ.

ನಿನ್ನ ತಂಗಿ
ರುಹಿ


ಕೊಪ್ಪ
2 ಜುಲೈ 2006

ರುಹಿ,

ಪಾಸಾಗಿದ್ದು ಒಳ್ಳೇದಾಯ್ತು. ನಮ್ಮ ಮನೆಗೆ ಒಬ್ಬರು ಓದಿದರೆ ಸಾಕು. ನನಗೆ ಒಂಬತ್ತನೇ ಕ್ಲಾಸೇ ಹೆಚ್ಚಾಗಿತ್ತು.

ಅಬ್ಬಾಗೆ ಹೇಳು. ಬಿಸಿಲೂ ಇಲ್ಲ, ನೆರಳೂ ಇಲ್ಲ, ಗಾಜಿನ ಒಳಗಿಂದ ಬೆಳಕು ಬರುತ್ತೆ. ನೋಡೋರು ನಿಲ್ಲಲ್ಲ, ಒಂದು ಮೊಳ ದೂರದಲ್ಲಿ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಅಳತೆ ಎಷ್ಟಾದ್ರೂ ಆಗ್ಲಿ, ಚಿಕ್ಕದು ನಾವು ಮಾಡ್ಕೊಳ್ತೀವಿ. ಬರೆಯೋಕೆ ಇಷ್ಟೆಲ್ಲ ಕೇಳಬೇಕಾ? ಅಕ್ಷರ ಬೇಕು, ಅಷ್ಟೇ. ಮನೆ ಕಟ್ಟೋಕೆ ಹೇಳ್ಲಿಲ್ಲ.

ಬ್ರಷ್ ವಿಷಯ ನನಗೆ ಬರೀಬೇಡ.

ರಿಹಾನ್


ಎನ್.ಆರ್.ಪುರ
11 ಆಗಸ್ಟ್ 2006

ರಿಹಾನ್‌ಗೆ,

ತಗಡನ್ನು ಮಹೇಶ್ವರನ ಬಸ್ಸಿನ ಮೇಲೆ ಕಟ್ಟಿ ಕಳಿಸಿದ್ದೇನೆ. ಈ ತಿಂಗಳು ಬಣ್ಣ ಬೇಗ ಒಣಗುವುದಿಲ್ಲ, ಅದಕ್ಕೆ ತಡವಾಯಿತು. ಮುಖ ಕೆಳಗೆ ಮಾಡಿ ಇಡಬೇಡ.

ಸಿರಾಜುದ್ದೀನ್


ಕೊಪ್ಪ
16 ಆಗಸ್ಟ್ 2006

ಅಬ್ಬಾ,

ತಗಡು ಬಂತು. ಮಹೇಶ್ವರಣ್ಣ ಬಸ್ ನಿಲ್ಲಿಸಿ, ಹಾರ್ನ್ ಹೊಡೆದು ಹೊಡೆದು ಇಡೀ ಬಜಾರನ್ನು ಕರೆದ. ‘ಏ ರಿಹಾನಾ, ನಿಮ್ಮಪ್ಪ ನಂಗೆ ಹೊಸಾ ಬೋರ್ಡ್ ಬರ್ದಾನೆ ಅಂತ ಮಾಡಿದ್ದೆ ಮಾರಾಯ. ಬಿಚ್ಕೊಳೋಕೆ ಮನಸ್ಸೇ ಬರದಿಲ್ಲ’ ಅಂದ. ಅವನ ಬಸ್ಸಿನ ಬೋರ್ಡೂ ನೀವು ಬರೆದಿದ್ದೇ, ಆದರೂ ಅವನಿಗೆ ಇದೇ ಬೇಕಂತೆ.

ಅಳತೆ ಎಷ್ಟಾದ್ರೂ ಆಗ್ಲಿ ಅಂದೆ, ನಿಜ. ಆದರೆ ನೀವು ಬಸ್ಸಿನ ಹಣೆ ಅಳತೆಗೆ ಬರೆದಿದೀರಿ. ಆರಡಿ ಉದ್ದ, ಒಂದಡಿ ಅಗಲ. ಸ್ಕ್ರೀನ್ ಟಿ.ವಿ. ಥರ ಚೌಕ. ಉದ್ದಕ್ಕೆ ಸರಿಯಾಗಿ ಕೂರಿಸಿದ್ರೆ ಮೇಲೂ ಖಾಲಿ, ಕೆಳಗೂ ಖಾಲಿ. ಎತ್ತರಕ್ಕೆ ಸರಿ ಮಾಡಿದ್ರೆ ‘ಡೇ ಬ’ ಮಾತ್ರ ಕಾಣುತ್ತೆ. ತ್ರ್ಯಂಬಕಣ್ಣನ ಸೋದರಳಿಯ ಬಂದಿದ್ದ, ಹಲ್ಲು ಬಿಟ್ಟ. ಅವನ ಮುಖಕ್ಕೆ ತಗಡಿನಲ್ಲೇ ಹೊಡೀಬೇಕು ಅನ್ನಿಸ್ತು. ಬಣ್ಣ ಹಾಳಾಗುತ್ತೆ ಅಂತ ಬಿಟ್ಟೆ.

ಆಮೇಲೆ ನಾನೇ ದಾರಿ ಮಾಡಿದೆ. ಬೋರ್ಡನ್ನು ಅದರ ಜಾಗದಲ್ಲೇ ಇಟ್ಟೆ, ಹಣೆ ಮೇಲೆ. ಕೆಳಗೆ ಬಸ್ಸಿನ ಮುಂದಿನ ಗಾಜು, ಎರಡು ದೀಪ, ವೈಪರ್ ಬರೆದೆ. ಮೇಲೆ ಲಗೇಜ್ ಕ್ಯಾರಿಯರ್, ಒಂದು ಸೈಕಲ್, ಎರಡು ಚೀಲ. ಈಗ ಸ್ಕ್ರೀನ್ ಪೂರ್ತಿ ಒಂದು ಬಸ್ಸಿನ ಮುಖ. ಎದುರಿಗೆ ನಿಂತ ಹಾಗೆ ಕಾಣುತ್ತೆ.

ಫೋಟೋ ತೆಗೆಯೋದೂ ಕಷ್ಟ ಆಯ್ತು. ಎನಾಮಲ್ ಹೊಳೆದು ಹೊಳೆದು ಅಕ್ಷರದ ಮೇಲೆ ನಮ್ಮದೇ ಮುಖ ಕಾಣ್ತಿತ್ತು. ಕೊನೆಗೆ ಮಸೀದಿ ರಸ್ತೆಯ ಗೋಡೆಗೆ ಒರಗಿಸಿ, ಮೋಡ ಮುಚ್ಚಿದಾಗ ತೆಗೆದೆ.

ಅಕ್ಷರ ಚೆನ್ನಾಗಿದೆ. ಹೇಳಬೇಕು ಅಂತ ಹೇಳ್ತಿಲ್ಲ, ಇದೆ ಅಷ್ಟೇ.

ಇನ್ನೊಂದು. ಕೊನೇ ‘ಸ್ಸು’ವಿನ ಕೊಂಬಿಗೆ ನೀವು ಬಣ್ಣ ತುಂಬಿಲ್ಲ. ಬರೀ ಗೆರೆ ಎಳೆದು ಖಾಲಿ ಬಿಟ್ಟಿದೀರಿ. ತ್ರ್ಯಂಬಕಣ್ಣ, ‘ಇದೆಂತ, ನಿಮ್ಮಪ್ಪನಿಗೆ ಬಣ್ಣ ಮುಗ್ದೋಯ್ತನ?’ ಅಂದರು. ನಾನು ನಿಮ್ಮ ಪದ್ಧತಿ ಹೇಳಿದೆ. ಹೊಸ ಬಸ್ಸಿಗೆ ಹೆಸರು ಬರೆದರೆ ನೀವು ಕಡೇ ಗೀಟು ಖಾಲಿ ಬಿಡ್ತೀರಿ, ಪೂಜೆ ದಿವಸ ಮಾಲೀಕರ ಕೈಗೇ ಬ್ರಷ್ ಕೊಟ್ಟು ತುಂಬಿಸ್ತೀರಿ ಅಂತ. ಚಿಕ್ಕೋನಿದ್ದಾಗ ಆ ಬ್ರಷ್ ಅದ್ದಿ ಕೊಡ್ತಿದ್ದಿದ್ದು ನಾನೇ.

ಈ ಸಲ ನನಗೆ ಅಂತ ಬಿಟ್ಟಿದೀರಿ ಅನ್ನೋದು ಗೊತ್ತಾಯ್ತು. ತಗಡು ಮುಟ್ಟಲಿಲ್ಲ. ಕಂಪ್ಯೂಟರಿನಲ್ಲಿ ಕೊಂಬು ತುಂಬಿದೆ, ನಿಮ್ಮದೇ ಕೆಂಪು ಬಣ್ಣ ತೆಗೆದು. ಪ್ರಿಂಟ್ ಇದರ ಜೊತೆ ಇಟ್ಟಿದ್ದೀನಿ. ಬಸ್ಸಿನ ದೀಪದ ಅಂತರ ಸರಿ ಇದೆಯಾ ನೋಡಿ.

ರಿಹಾನ್


ಎನ್.ಆರ್.ಪುರ
24 ಆಗಸ್ಟ್ 2006

ರಿಹಾನ್‌ಗೆ,

ದೀಪಗಳು ಹತ್ತಿರವಾದವು. ಅದು ಜೀಪಿನ ಅಂತರ.

ಕೊಂಬನ್ನು ನಿನಗೆ ಬಿಟ್ಟಿದ್ದಲ್ಲ. ಬರೆದವರ ಮನೆಯವರು ತುಂಬುವ ಪದ್ಧತಿ ನಮ್ಮಲ್ಲಿಲ್ಲ. ಮಾಲೀಕರೂ ಅಲ್ಲ, ಅದನ್ನು ನೀನು ಸರಿಯಾಗಿ ನೋಡಿರಲಿಲ್ಲ. ಮಾಲೀಕರು ಪಕ್ಕದಲ್ಲಿ ನಿಂತಿರುತ್ತಿದ್ದರು, ನಾನು ಬ್ರಷ್ ಕೊಡುತ್ತಿದ್ದದ್ದು ಡ್ರೈವರ್ ಕೈಗೆ. ಬಸ್ಸನ್ನು ಯಾರು ಓಡಿಸುತ್ತಾರೋ ಅವರು ತುಂಬಬೇಕು. ಈ ಬಸ್ಸನ್ನು ನೀನು ಓಡಿಸುತ್ತೀಯಾ?

ಅಳಿಸು.

ಸಿರಾಜುದ್ದೀನ್


ಕೊಪ್ಪ
27 ಆಗಸ್ಟ್ 2006

ಅಬ್ಬಾ,

ಅಳಿಸಿದೆ. ಸಮಾಧಾನ ಆಯ್ತಾ?

ನನಗೆ ಅಂತ ಅಂದ್ಕೊಂಡಿದ್ದು ನನ್ನ ಮುಠ್ಠಾಳತನ. ಇಷ್ಟು ವರ್ಷ ಬ್ರಷ್ ತೊಳೆಸಿದ್ರಿ, ಡಬ್ಬಿ ಕೆರೆಸಿದ್ರಿ, ಬೋರ್ಡಿಗೆ ಒಂದು ಗೀಟು ಎಳೆಯೋಕೆ ಬಿಡಲಿಲ್ಲ. ‘ಇನ್ನೂ ಕೈ ಕೂತಿಲ್ಲ, ಇನ್ನೂ ಕೈ ಕೂತಿಲ್ಲ.’ ಕೈ ಎಲ್ಲಿ ಕೂರಬೇಕಿತ್ತು, ತೊಡೆ ಮೇಲಾ? ಫ್ಲೆಕ್ಸ್ ಅಂಗಡೀಲಿ ಮೊದಲ ದಿವಸವೇ ಕುರ್ಚಿ ಕೊಟ್ಟರು. ನಾನು ಮಾಡಿದ್ದು ಮಾರನೇ ವಾರ ಜಯಪುರದ ಬಜಾರಲ್ಲಿ ನೇತಾಡ್ತಿತ್ತು. ಕೆಟ್ಟದಾಗಿತ್ತು, ಆದರೆ ನೇತಾಡ್ತಿತ್ತು.

ಇದು ಆಟ. ಇದಕ್ಕೆ ಡ್ರೈವರ್ ಇಲ್ಲ. ಸಿ.ಡಿ. ಯಾರು ಹಾಕ್ತಾರೋ ಅವರೆಲ್ಲ ಡ್ರೈವರೇ. ಪೇಟೆಯಲ್ಲಿ ಯಾವ ಮನೆ ಮಕ್ಕಳೋ, ಯಾವ ಊರಿನೋರೋ. ಅವರನ್ನೆಲ್ಲ ಕರೆದು ಒಬ್ಬೊಬ್ಬರ ಕೈಗೂ ಬ್ರಷ್ ಕೊಡ್ಲಾ? ಸಾಲಾಗಿ ನಿಲ್ಲಿಸ್ಲಾ?

ಇನ್ನು ನಿಮ್ಮನ್ನು ಕೇಳಲ್ಲ. ತಗಡು ವಾಪಸ್ ಕಳಿಸ್ತೀನಿ. ಸೋದರಳಿಯನ ಅಕ್ಷರವೇ ಹೋಗ್ಲಿ.

ರಿಹಾನ್


ಕೊಪ್ಪ
19 ಸೆಪ್ಟೆಂಬರ್ 2006

ಅಬ್ಬಾ,

ತಗಡು ಕಳಿಸಿಲ್ಲ. ಇಲ್ಲೇ ಇದೆ, ಮುಖ ಮೇಲೆ ಮಾಡಿ.

ಆಗಿದ್ದು ಹೇಳ್ತೀನಿ. ಹೋದ ಕಾಗದ ಪೋಸ್ಟಿಗೆ ಹಾಕಿ ಬಂದ ದಿವಸ ತ್ರ್ಯಂಬಕಣ್ಣನ ಹತ್ತಿರ ಕೂಗಾಡಿದೆ. ನಮ್ಮಪ್ಪ ಹೀಗೆ ಬರೆದಿದಾರೆ, ನಾನು ಹೀಗೆ ಬರೆದೆ, ಸಿ.ಡಿ. ಹಾಕಿದವರಿಗೆಲ್ಲ ಬ್ರಷ್ ಕೊಡ್ಲಾ ಅಂತ ಕೇಳಿದೆ ಅಂದೆ. ಅವರು ಎಲೆ ಅಡಿಕೆ ಕವಳ ಹಾಕ್ಕೊಂಡು ಕೂತಿದ್ರು. ಎದ್ದು ಕಿಟಕಿ ಹತ್ತಿರ ಹೋಗಿ ಉಗಿದು ಬಂದು, ‘ಕೊಡ್ಬಹುದಲ್ಲನ ಮಾರಾಯ’ ಅಂದರು.

‘ಎಂತ ಕೊಡೋದು?’ ಅಂದೆ.

‘ಬ್ರಷ್ಷು. ಆಟ ಶುರು ಮಾಡೋಕೆ ಎಂಟರ್ ಒತ್ಲೇಬೇಕಲ್ಲ. ಸುಮ್ನೆ ಯಾಕೆ ಒತ್ಬೇಕು? ಒತ್ತಿದ ಕೂಡ್ಲೇ ಕೊಂಬು ತುಂಬ್ಲಿ. ತುಂಬಿದ ಮೇಲೆ ಬಸ್ ಸ್ಟಾರ್ಟಾಗ್ಲಿ.’

ನನಗೆ ಸಿಟ್ಟು ಬಂತು, ಅದು ನನಗೇ ಹೊಳೀಲಿಲ್ಲ ಅಂತ. ಬೈದುಕೊಂಡು ಬರೆದವನು ನಾನು, ಅರ್ಥ ಆಗಿದ್ದು ಅವರಿಗೆ.

ಈಗ ಹೀಗಿದೆ. ಸಿ.ಡಿ. ಹಾಕಿದರೆ ಬಸ್ಸಿನ ಮುಖ ಬರುತ್ತೆ, ದೀಪ ಆರಿರುತ್ತೆ. ಬೋರ್ಡಿನಲ್ಲಿ ಕೊಂಬು ಖಾಲಿ. ‘ಎಂಟರ್ ಒತ್ತಿ’ ಅಂತ ಎಲ್ಲೂ ಬರೆದಿಲ್ಲ. ಆ ಖಾಲಿ ಕೊಂಬು ಮಾತ್ರ ಸಣ್ಣಗೆ ಮಿಣುಕುತ್ತೆ. ಒತ್ತಿದರೆ ಬಣ್ಣ ತುಂಬುತ್ತೆ, ದೀಪ ಹತ್ತುತ್ತೆ, ಇಂಜಿನ್ ಸದ್ದು. ಆ ಸದ್ದು ಮಹೇಶ್ವರಣ್ಣನ ಬಸ್ಸಿಂದೇ, ಸ್ಟ್ಯಾಂಡಿಗೆ ಹೋಗಿ ಹಿಡ್ಕೊಂಡು ಬಂದಿದ್ದು.

ಬಣ್ಣ ತುಂಬೋದೇ ಸರಿ ಬರ್ತಿಲ್ಲ. ನಾನು ಮಾಡಿದ್ದು ಲೋಟಕ್ಕೆ ನೀರು ತುಂಬಿದ ಹಾಗೆ ಕೆಳಗಿಂದ ಮೇಲೆ ಏರುತ್ತೆ. ತ್ರ್ಯಂಬಕಣ್ಣ ಸಾಕು ಅಂತಾರೆ. ಸಾಕಾಗಲ್ಲ. ಬ್ರಷ್ ಹಾಗೆ ಹೋಗಲ್ಲ. ಎಲ್ಲಿ ಇಡ್ತೀರಿ, ಎಲ್ಲಿ ಒತ್ತಿ, ಎಲ್ಲಿ ಎತ್ತಿ ಬಿಡ್ತೀರಿ? ನೋಡಿದ್ದೀನಿ, ಆದರೆ ಆಗ ಸಿಟ್ಟಲ್ಲಿ ನೋಡ್ತಿದ್ದೆ. ಕೈ ನೆನಪಿಲ್ಲ.

ಕೇಳಲ್ಲ ಅಂದಿದ್ದೆ. ಕೇಳ್ತಿದ್ದೀನಿ.

ರಿಹಾನ್


ಎನ್.ಆರ್.ಪುರ
1 ಅಕ್ಟೋಬರ್ 2006

ಭಾಯಿ,

ಈ ಕಟ್ಟಿನ ಜೊತೆ ಅಬ್ಬಾ ಕಾಗದ ಬರೆದಿಲ್ಲ. ‘ಅದ್ರಲ್ಲೇ ಉಂಟು, ಮತ್ತೆಂತ ಬರೆಯೋದು’ ಅಂದರು. ಅದಕ್ಕೆ ನಾನು ಬರೀತಿದ್ದೀನಿ.

ನಿನ್ನ ಕಾಗದ ಬಂದ ಮೇಲೆ ಉತ್ತರ ಬರೆಯೋಕೆ ಕೂತರು. ‘ಮೊದಲು ಬ್ರಷ್ ಓರೆ ಹಿಡಿದು’ ಅಂತ ಒಂದು ಸಾಲು ಬರೆದು ಹೊಡೆದು ಹಾಕಿದರು. ಮತ್ತೆ ಬರೆದರು, ಮತ್ತೆ ಹೊಡೆದರು. ‘ಇದು ಮಾತಲ್ಲಿ ಬರದಿಲ್ಲ ರುಹಿ’ ಅಂದರು. ಆಮೇಲೆ ಚಪ್ಪಲಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತರಿಸಿ, ಒಂದೇ ಅಳತೆಗೆ ಕತ್ತರಿಸಿ, ಎಲ್ಲದರ ಮೇಲೂ ಅದೇ ಕೊಂಬಿನ ಗೆರೆ ಎಳೆದರು. ಮೊದಲನೇದರಲ್ಲಿ ಬ್ರಷ್ ಇಟ್ಟ ಒಂದು ಚುಕ್ಕೆ. ಎರಡನೇದರಲ್ಲಿ ಚೂರು ಇಳಿದಿದೆ. ಹಾಗೇ ಒಂದೊಂದರಲ್ಲಿ ಇನ್ನಷ್ಟು. ಕಡೇದರಲ್ಲಿ ಪೂರ್ತಿ ತುಂಬಿ, ತುದಿಯಲ್ಲಿ ಬ್ರಷ್ ಎತ್ತಿದ ಸಣ್ಣ ಬಾಲ.

ರೋಜಾ ಉಪವಾಸ ಇಟ್ಟುಕೊಂಡು ಬೆಳಿಗ್ಗೆಯಿಂದ ಕೂತು ಮಾಡ್ತಿದ್ರು. ಅಮ್ಮಿ, ‘ಬಣ್ಣದ ವಾಸನೆಗೇ ತಲೆ ಸುತ್ತಿ ಬೀಳ್ತೀರಿ, ಇಫ್ತಾರ್ ಆದ್ಮೇಲೆ ಮಾಡ್ಬಾರ್ದಾ’ ಅಂದ್ರೆ, ‘ದೀಪದ ಬೆಳಕಲ್ಲಿ ಕೆಂಪು ಸುಳ್ಳು ಹೇಳುತ್ತೆ’ ಅಂದರು. ನಾನು ರಟ್ಟುಗಳನ್ನೆಲ್ಲ ಜೋಡಿಸಿ ಹೆಬ್ಬೆರಳಲ್ಲಿ ಬರ್ ಅಂತ ಬಿಟ್ಟೆ. ಭಾಯಿ, ಕೊಂಬು ತಾನೇ ತುಂಬ್ಕೊಂಡು ಹೋಯ್ತು. ಅಬ್ಬಾ ನನ್ನ ಕೈಯಿಂದ ಕಿತ್ಕೊಂಡು ಅವರೂ ಬಿಟ್ಟು ನೋಡಿದರು. ಮತ್ತೆ ಮತ್ತೆ ನೋಡಿದರು. ಅಮ್ಮಿ ಕೂಗಿದರೂ ಕೇಳಿಸ್ಲಿಲ್ಲ ಅವರಿಗೆ.

ಕೆಟ್ಟ ಸುದ್ದಿಯೂ ಉಂಟು. ಮುಂದಿನ ವಾರ ಕೊಪ್ಪಕ್ಕೆ ಬರ್ತಾರಂತೆ, ನೋಡೋಕೆ. ‘ಅವನ ಅಂಗಡಿಗೆ ಅಲ್ಲ, ಮೇಲಿನ ಮಹಡಿಗೆ’ ಅಂತ ಎರಡು ಸಲ ಹೇಳಿದರು. ಮೆಟ್ಟಿಲು ಬೇರೆ ಇದೆಯಾ?

ರುಹಿ


ಕೊಪ್ಪ
14 ಅಕ್ಟೋಬರ್ 2006

ರುಹಿ,

ಮೆಟ್ಟಿಲು ಬೇರೆ ಇಲ್ಲ. ಅಂಗಡಿ ಒಳಗಿಂದಲೇ ಹೋಗಬೇಕು.

ಅಬ್ಬಾ ನಿನ್ನೆ ಬಂದರು. ಮಹೇಶ್ವರಣ್ಣನ ಬಸ್ಸಿಂದ ಇಳಿದು ರಸ್ತೆ ಆಚೆ ನಿಂತರು. ನಮ್ಮ ಅಂಗಡಿಯ ಫ್ಲೆಕ್ಸ್ ಬೋರ್ಡನ್ನೇ ನೋಡ್ತಾ ನಿಂತಿದ್ರು. ಕರೆಯೋಕೆ ನಾನು ಹೋಗ್ಲಿಲ್ಲ. ಅವರೂ ಬರ್ಲಿಲ್ಲ. ಕಡೆಗೆ ತ್ರ್ಯಂಬಕಣ್ಣ ಮೇಲಿನ ಕಿಟಕಿಯಿಂದ, ‘ಸಿರಾಜಣ್ಣಾ, ಕರೆಂಟ್ ಹೋಗೋಕೆ ಮುಂಚೆ ಬನ್ನಿ’ ಅಂತ ಕೂಗಿದರು. ಬಂದರು. ಅಂಗಡಿ ದಾಟುವಾಗ ಎಡಕ್ಕೂ ನೋಡ್ಲಿಲ್ಲ, ಬಲಕ್ಕೂ ನೋಡ್ಲಿಲ್ಲ. ತ್ರ್ಯಂಬಕಣ್ಣ ಇಬ್ಬರಿಗೆ ಚಾ ತರಿಸಿ, ‘ಅಯ್ಯೋ, ಉಪವಾಸ ಅಲ್ಲನ’ ಅಂತ ಎರಡನ್ನೂ ಅವರೇ ಕುಡಿದರು.

ಕುರ್ಚಿ ಹಾಕಿ ಕೂರಿಸಿದೆ. ಸ್ಕ್ರೀನ್ ಮೇಲೆ ಬಸ್ಸಿನ ಮುಖ, ಖಾಲಿ ಕೊಂಬು ಮಿಣುಕ್ತಾ ಇತ್ತು. ಅಬ್ಬಾ ಸುಮಾರು ಹೊತ್ತು ನೋಡಿ, ‘ದೀಪ ಈಗ ಸರಿ ಉಂಟು’ ಅಂದರು.

‘ಒತ್ತಿ’ ಅಂದೆ. ಎಂಟರ್ ತೋರಿಸಿದೆ.

ಕೈ ಮುಂದೆ ತಂದರು. ಹಿಂದಕ್ಕೆ ತಗೊಂಡರು. ‘ಬರೆದವ್ರು ತುಂಬದಿಲ್ಲ’ ಅಂದರು.

ನನಗೆ ತಲೆ ಕೆಟ್ಟುಹೋಯ್ತು. ‘ಇದು ನೋಡೋಕೆ ತಾನೇ ಅಷ್ಟು ದೂರದಿಂದ ಬಂದಿದ್ದು! ಒಂದು ಸಲ ಒತ್ತಿದ್ರೆ ಎಂತ ಆಗುತ್ತೆ?’ ಅಂತ ಕೂಗಿದೆ. ಅಬ್ಬಾ ನನಗೂ ಒತ್ತು ಅಂತ ಹೇಳ್ಲಿಲ್ಲ. ತ್ರ್ಯಂಬಕಣ್ಣ ಒತ್ತೋಕೆ ಹೋದರು, ಅಬ್ಬಾ ಕೈ ಅಡ್ಡ ಹಿಡಿದರು. ಎದ್ದು ಕಿಟಕಿಗೆ ಹೋಗಿ, ‘ಮಹೇಶ್ವರಾ!’ ಅಂತ ಕರೆದರು.

ಮಹೇಶ್ವರಣ್ಣ ಬಸ್ಸಿನಲ್ಲಿ ಜನ ಕೂರಿಸ್ಕೊಂಡು ವಾಪಸ್ ಹೊರಡೋಕೆ ತಯಾರಾಗಿದ್ದ. ‘ಟೈಮಾತು ಸಾಯ್ಬ್ರೇ’ ಅಂತ ಕೂಗಿದ. ಅಬ್ಬಾ, ‘ಬ್ರಷ್ ಹಿಡಿಯೋಕೆ ಬಾ’ ಅಂದರು. ಅವನು ಇಂಜಿನ್ ಬಂದ್ ಮಾಡಿ, ಚಪ್ಪಲಿ ಕೆಳಗೇ ಬಿಟ್ಟು ಮೇಲೆ ಬಂದ. ಅವನ ಬಸ್ಸಿಗೂ ಹಿಂದೆ ಹಾಗೇ ಕರೆದಿದ್ರಂತೆ. ಎಂಟರ್ ಎಲ್ಲಿದೆ ಅಂತ ತೋರಿಸಿದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒತ್ತಿದ.

ನಾನು ಫೋಟೋ ತೆಗೆದು ಏರಿಸಿದ್ದ ಅಬ್ಬಾನ ರಟ್ಟುಗಳು ಒಂದರ ಹಿಂದೆ ಒಂದು ಓಡಿದವು. ಬ್ರಷ್ ಇಟ್ಟ ಚುಕ್ಕೆ, ಇಳಿದ ಬಣ್ಣ, ತಿರುಗಿ ಮೇಲೆ ಬಂದು ಕೊನೆಗೆ ಆ ಬಾಲ. ದೀಪ ಹತ್ತಿತು. ಇಂಜಿನ್ ಸದ್ದು ಬಂತು. ಮಹೇಶ್ವರಣ್ಣ ಬೆಚ್ಚಿಬಿದ್ದು, ‘ಏ, ಇದು ನಂದೇ ಗಾಡಿ!’ ಅಂತ ಕಿಟಕಿಗೆ ಓಡಿ ಕೆಳಗೆ ನೋಡಿದ. ಗಾಡಿ ಅಲ್ಲೇ ಇತ್ತು. ಒಳಗಿದ್ದ ಹೆಂಗಸೊಬ್ಬರು, ‘ಡ್ರೈವರಣ್ಣಾ, ಆಟ ಆಡೋಕೆ ಹೋದ್ಯನಾ?’ ಅಂತ ಬೈತಿದ್ರು.

ಅಬ್ಬಾ ಸ್ಕ್ರೀನಿಗೆ ಮುಖ ತಾಗೋ ಹಾಗೆ ಬಗ್ಗಿ ಕೊಂಬಿನ ತುದಿ ನೋಡಿದರು. ‘ಬಣ್ಣ ಗೆರೆ ದಾಟಿ ಇಳ್ದಿಲ್ಲ’ ಅಂದರು. ಅಷ್ಟೇ. ಬೋರ್ಡ್ ಮುಗಿಸಿ ಏಣಿಯಿಂದ ಇಳಿದ ಮೇಲೆ ಅವರು ಹೇಳೋದು ಅದೊಂದೇ ಮಾತು, ನಿನಗೂ ಗೊತ್ತು. ಬೇರೆ ಯಾರ ಕೆಲಸಕ್ಕೂ ಹೇಳಿದ್ದು ನಾನು ಕೇಳಿಲ್ಲ.

ತ್ರ್ಯಂಬಕಣ್ಣ ಸೋದರಳಿಯನ ಸ್ಕ್ರೀನನ್ನು ಅಲ್ಲೇ ಅಳಿಸಿದರು. ನಮ್ಮದು ಸೋಮವಾರ ಮೈಸೂರಿಗೆ ಹೋಗುತ್ತೆ. ಕಂಪನಿಯವರು ಏನಂತಾರೋ ಗೊತ್ತಿಲ್ಲ. ಕೊಂಬು ಖಾಲಿ ಯಾಕಿದೆ ಅಂತ ಕೇಳಬಹುದು. ಕೇಳಲಿ.

ಹೋಗುವಾಗ ಅಬ್ಬಾ ಒಂದು ಕಾಗದ ಕೇಳಿದರು. ಕೊಂಬು ತುಂಬಿದ ಮೇಲೆ ಮೂಲೆಯಲ್ಲಿ ಬರೆದವರ ಹೆಸರು ಬರಬೇಕಲ್ಲ, ಅದಕ್ಕೆ. ನಿಂತುಕೊಂಡೇ ನನ್ನ ಪೆನ್ನಿನಲ್ಲಿ ಬರೆದರು. ಮೇಲೆ, ‘ಅಕ್ಷರ: ಸಿರಾಜ್ ಆರ್ಟ್ಸ್, ಎನ್.ಆರ್.ಪುರ.’ ಕೆಳಗೆ, ‘ಬಸ್ಸು: ರಿಹಾನ್.’ ಕಾಗದ ಮೇಜಿನ ಮೇಲಿಟ್ಟು ಮಹೇಶ್ವರಣ್ಣನ ಹಿಂದೆ ಮೆಟ್ಟಿಲು ಇಳಿದು ಹೋದರು.

ಬಸ್ ಹೊರಟ ಮೇಲೆ ಸರಿಯಾಗಿ ನೋಡಿದೆ. ‘ರಿಹಾ’ ಅನ್ನೋದನ್ನು ಪೆನ್ನಲ್ಲೇ ತಿದ್ದಿ ತಿದ್ದಿ ದಪ್ಪಗೆ ತುಂಬಿದಾರೆ. ‘ನ್’ ಮಾತ್ರ ಬರೀ ಗೆರೆ. ಒಳಗೆ ಖಾಲಿ.

ಪೆನ್ನಲ್ಲಿ ತುಂಬೋಕೆ ನನಗೆ ಇಷ್ಟ ಇಲ್ಲ. ಈ ಅಂಗಡಿ ಪೂರ್ತಿ ಹುಡುಕಿದೆ, ಒಂದೂ ಬ್ರಷ್ ಇಲ್ಲ. ನಾನು ಎಸೆದಿದ್ದ ಆ ಎರಡನೇ ನಂಬರ್ ಬ್ರಷ್ಷನ್ನು ನಾಳೆ, ಈ ಕಾಗದ ತಂದ ಮಹೇಶ್ವರಣ್ಣನ ಕೈಲೇ ಕಳಿಸು. ತೊಳೀಬೇಡ, ಹಾಗೇ ಕಳಿಸು. ನಾನು ತೊಳ್ಕೊಳ್ತೀನಿ.

ರಿಹಾನ್